ಕೆಂದನ ಕುಕ್ಕೆ

"ಬುದ್ಧೀ, ಬೇಡ ಅಂತ ಗೊತ್ತಿರುತ್ತೆ. ಆದ್ರೂ ಕೈ ಯಾಕೆ ಹೋಗುತ್ತೆ?"

ಕೇಳಿದವನು ಗುರುಮಲ್ಲ. ಮಠದ ಉಗ್ರಾಣ ಅವನ ಸುಪರ್ದಿಯಲ್ಲಿತ್ತು. ಒಳಗೆ ಮಧ್ಯಾಹ್ನದ ದಾಸೋಹ ನಡೆಯುತ್ತಿತ್ತು. ಎಲೆ ಹಾಕುವ ಸದ್ದು, ಸಾರಿನ ವಾಸನೆ ಜಗಲಿಯವರೆಗೆ ಬರುತ್ತಿದ್ದವು. ಅವನು ಪಂಕ್ತಿಗೆ ಕೂರದೆ, ಜಗಲಿಯ ಗೋಡೆಗೆ ಒರಗಿದ್ದ ಸ್ವಾಮಿಗಳ ಎದುರು ಬಂದು ಕುಳಿತಿದ್ದ. ಕೂರುವಾಗ ಕಂಬ ಹಿಡಿದುಕೊಂಡ. ಮಂಡಿ ಆ ಸ್ಥಿತಿಗೆ ಬಂದಿತ್ತು.

ಮಠದ ಹಿಂದೆ ಒಂದು ಬೆಟ್ಟ. ಬೆಟ್ಟದ ಮೇಲೆ ಹಿರಿಯ ಸ್ವಾಮಿಗಳ ಗದ್ದುಗೆ. ದಿನಾ ಸಂಜೆ ಅಲ್ಲಿ ದೀಪ ಹಚ್ಚುವುದು ಗುರುಮಲ್ಲನ ಸೇವೆ. ಮೀಸೆ ಮೂಡುವ ಮೊದಲಿನಿಂದ ಅವನು ಆ ಮೆಟ್ಟಿಲು ಹತ್ತಿದ್ದ. ಈಗ ಅರ್ಧಕ್ಕೇ ಕೂತುಬಿಡುತ್ತಿದ್ದ. ಡಾಕ್ಟರು ಮುಲಾಜಿಲ್ಲದೆ ಹೇಳಿದ್ದರು: ಮೈ ಇಳಿಸು, ಇಲ್ಲದಿದ್ದರೆ ಬೆಟ್ಟ ಮರೆತುಬಿಡು. ಆ ದೀಪ ಇನ್ನೊಬ್ಬರ ಕೈಗೆ ಹೋಗುವುದನ್ನು ನೆನೆದರೆ ಗುರುಮಲ್ಲನಿಗೆ ಅಳು ಬರುತ್ತಿತ್ತು. ದಪ್ಪ ಮನುಷ್ಯ ಅತ್ತರೆ ಜನ ನಗುತ್ತಾರೆಂದು ಅಳುತ್ತಿರಲಿಲ್ಲ, ಅಷ್ಟೆ.

"ಮುದ್ದೆ ಬಿಟ್ಟೆ, ಅನ್ನ ಬಿಟ್ಟೆ," ಎಂದ. "ಬೆಳಗಿಂದ ನೀರು ಬಿಟ್ರೆ ಇನ್ನೊಂದು ಮುಟ್ಟಲ್ಲ. ಹೊತ್ತು ಇಳಿಯೋವರೆಗೂ ಚೆನ್ನಾಗೇ ಇರ್ತೀನಿ. ಆಮೇಲೆ ಉಗ್ರಾಣದ ಬಾಗ್ಲು ತೆಗೀತೀನಿ. ಭಕ್ತರು ತಂದ ಕಜ್ಜಾಯ ಕಣ್ಣಿಗೆ ಬೀಳುತ್ತೆ. ಒಂದೇ ಒಂದು ಚೂರು ಅಂತ ಬಾಯಿಗೆ ಹಾಕ್ಕೊಳ್ತೀನಿ. ಹೆಂಗೂ ಕೆಟ್ಟಿತಲ್ಲ ಅಂತ ಇನ್ನೊಂದು. ನಿಂತ್ಕೊಂಡೇ ಬುಟ್ಟಿ ಖಾಲಿ ಮಾಡ್ತೀನಿ. ಮಾರನೇ ದಿನ ಆ ತಪ್ಪಿಗೆ ಇನ್ನೂ ಬಿಗಿ ಉಪವಾಸ. ಸಾಕಾಗಿದೆ ಬುದ್ಧಿ. ನನ್ನ ಮೇಲೆ ನನಗೇ ಹೇಸಿಗೆ ಬಂದಿದೆ. ಗದ್ದುಗೆ ಮುಂದೆ ಆಣೆ ಮಾಡಿದ್ದೆ, ಅದೂ ಮುರೀತು. ನೀವೇ ಒಂದು ಗಟ್ಟಿ ಆಣೆ ಹಾಕಿಸಿ. ಮುರಿಯೋಕೆ ಹೆದರಿಕೆ ಆಗ್ಬೇಕು, ಅಂಥದ್ದು."

ಬೆಳಗಿನಿಂದ ಬಂದವರ ಗೋಳು ಕೇಳಿ ಸ್ವಾಮಿಗಳೂ ದಣಿದಿದ್ದರು. ಆಣೆ ಕೇಳಿಕೊಂಡು ಬಂದವರನ್ನು ಅವರು ಬಹಳ ನೋಡಿದ್ದರು. ಬೀಡಿ ಬಿಡಿಸಿ, ಇಸ್ಪೀಟು ಬಿಡಿಸಿ, ಮಗನಿಗೆ ಬುದ್ಧಿ ಬರಿಸಿ ಎಂದು ಬಂದವರೆಲ್ಲ ಆಣೆಯನ್ನು ಔಷಧಿ ಅಂಗಡಿಯ ಮಾತ್ರೆಯ ಹಾಗೆ ಕೇಳುತ್ತಿದ್ದರು. ಅವರು ಕಣ್ಣು ಮುಚ್ಚಿದರು. ನಿದ್ದೆ ಹೋದರೇನೋ ಎಂದು ಗುರುಮಲ್ಲ ಅಂದುಕೊಂಡ. ಅಷ್ಟರಲ್ಲಿ, ಕಣ್ಣು ತೆರೆಯದೆಯೇ, ಅವರು ಕತೆ ಶುರು ಮಾಡಿದರು.

ಕಬ್ಬಿನ ಗಾಣವನ್ನು ಎತ್ತು ಎಳೆಯುತ್ತಿದ್ದ ಕಾಲ. ಒಬ್ಬ ರೈತ ಆಲೆಮನೆ ಹಾಕಿದ್ದ. ಅವನಿಗಿದ್ದದ್ದು ಒಂದೇ ಜೊತೆ ಎತ್ತು. ಅದರಲ್ಲಿ ಒಂದರ ಹೆಸರು ಕೆಂದ. ಅವನ ಹಟ್ಟಿಯಲ್ಲೇ ಹುಟ್ಟಿದ ಕರು, ಅವನ ಕೈಯಲ್ಲೇ ಬೆಳೆದದ್ದು. ಹೆಸರು ಕರೆದರೆ ತಿರುಗಿ ನೋಡುತ್ತಿತ್ತು.

ಆಲೆಮನೆಯಲ್ಲಿ ಎತ್ತಿಗೆ ಸುಖವೂ ಇದೆ, ಕೇಡೂ ಇದೆ. ಗಾಣ ಸುತ್ತುವಾಗ ಕಾಲ ಬಳಿ ಕಬ್ಬಿನ ಸಿಪ್ಪೆ. ಪಕ್ಕದಲ್ಲಿ ಕೊಪ್ಪರಿಗೆ, ಅದರಲ್ಲಿ ಕುದಿಯುವ ಪಾಕ. ಅದರಾಚೆ ಹಲಗೆಯ ಮೇಲೆ ಆರಲು ಇಟ್ಟ ಬೆಲ್ಲ. ಹೋಗುವವರು ಬರುವವರು ಕೆಂದನಿಗೆ ಒಂದು ಜಲ್ಲೆ ಕಬ್ಬು ಕೊಡುತ್ತಿದ್ದರು. ರೈತನೂ ಬೆಲ್ಲದ ಉಂಡೆ ತಿನ್ನಿಸುತ್ತಿದ್ದ. ಪ್ರೀತಿ ತೋರಿಸಲು ಅವನಿಗೆ ಬೇರೆ ದಾರಿ ತಿಳಿಯುತ್ತಿರಲಿಲ್ಲ. ಸುಗ್ಗಿ ಅರ್ಧ ಮುಗಿಯುವಷ್ಟರಲ್ಲಿ ಕೆಂದನ ಕತ್ತು ದಪ್ಪವಾಯಿತು, ಹೊಟ್ಟೆ ಜೋತುಬಿತ್ತು. ಗೊರಸಿನ ಮೇಲೆ ಬಾವು ಬಂತು. ಸುತ್ತು ಹಾಕುತ್ತಾ ನಿಂತುಬಿಡತೊಡಗಿತು.

ದನದ ವೈದ್ಯ ಬಂದು ಗೊರಸು ಒತ್ತಿ ನೋಡಿದ. "ಸಿಹಿ ತಪ್ಪಿಸು, ಮೈ ಇಳಿಸು. ಇಲ್ಲಾಂದ್ರೆ ಕಾಲು ಹೋಯ್ತು ಅಂತ ತಿಳ್ಕೊ," ಎಂದ.

ರೈತ ಹೆದರಿಬಿಟ್ಟ. ಕಡಿದ ಕಬ್ಬು ಯಾರಿಗೂ ಕಾಯುವುದಿಲ್ಲ, ಹುಳಿಯಾಗುತ್ತದೆ. ಅದಕ್ಕಿಂತ, ಕಾಲು ಹೋದ ಎತ್ತನ್ನು ಯಾರು ಕೊಳ್ಳುತ್ತಾರೆ, ಕೊಂಡು ಏನು ಮಾಡುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಆ ದಿನವೇ ತೆಂಗಿನ ನಾರಿನ ಹಗ್ಗದಿಂದ ಒಂದು ಕುಕ್ಕೆ ಹೆಣೆದ. ಕುಕ್ಕೆ ಅಂದರೆ ಎತ್ತಿನ ಬಾಯಿಗೆ ಕಟ್ಟುವ ಬುಟ್ಟಿ. ಅದು ಬಾಯಿಯಲ್ಲಿದ್ದರೆ ಉಸಿರಾಡಬಹುದು, ತಿನ್ನಲಾಗದು. ಬೆಳಗಾಗುವಾಗ ಕಟ್ಟಿದರೆ ಸಂಜೆಯವರೆಗೆ ಬಿಚ್ಚಕೂಡದು ಎಂದು ಮನೆಯವರಿಗೆಲ್ಲ ಹೇಳಿದ.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಭಯ ಬಿದ್ದವನಿಗೆ ಒಂದು ಕೆಲಸ ಸಾಲುವುದಿಲ್ಲ. ಮೈ ಇಳಿಯಬೇಕಲ್ಲ, ಹುಲ್ಲೂ ಯಾಕೆ ಅಂದುಕೊಂಡ. ಕೆಂದ ಮೇಯುವ ಗೋದಲಿಗೆ ಹುಲ್ಲು ಹಾಕುವುದನ್ನು ಬಿಟ್ಟ. "ಮೈಯಲ್ಲಿ ಕೊಬ್ಬು ಇದೆಯಲ್ಲ, ಅದನ್ನೇ ತಿನ್ನಲಿ," ಎಂದು ಹೆಂಡತಿಗೆ ಹೇಳಿ ತನ್ನ ಜಾಣತನಕ್ಕೆ ತಾನೇ ನಕ್ಕ. ರಾತ್ರಿ ಒಂದು ಹಿಡಿ ಹುಲ್ಲು, ಅದೂ ನೆನಪಾದರೆ.

ಮೊದಮೊದಲು ಕೆಂದ ಚೆನ್ನಾಗಿ ಎಳೆಯಿತು. ರೈತ ಬಂದವರಿಗೆಲ್ಲ ಕುಕ್ಕೆ ತೋರಿಸಿ ಬೀಗಿದ. ಆಮೇಲಾಮೇಲೆ ಅದು ಸುತ್ತು ಹಾಕುತ್ತಾ ಕೊಪ್ಪರಿಗೆಯ ಬಳಿ ಬಂದಾಗಲೆಲ್ಲ ಕತ್ತು ತಿರುಗಿಸಿ ನಿಲ್ಲತೊಡಗಿತು. ಕುಕ್ಕೆಯ ಒಳಗಿಂದ ಜೊಲ್ಲು ಸುರಿಯುತ್ತಿತ್ತು. ರೈತ ಬಾರುಕೋಲು ಎತ್ತುತ್ತಿದ್ದ, ಅದು ಮುಂದಕ್ಕೆ ಹೋಗುತ್ತಿತ್ತು. ಮುಂದಿನ ಸುತ್ತಿನಲ್ಲಿ ಮತ್ತೆ ನಿಲ್ಲುತ್ತಿತ್ತು. ಹೀಗೆ ದಿನವಿಡೀ. ಇಬ್ಬರೂ ಸುಸ್ತಾಗುತ್ತಿದ್ದರು.

ಒಂದು ಸಂಜೆ ನೀರು ಕುಡಿಸಲು ಕುಕ್ಕೆ ಬಿಚ್ಚಿದ. ಕೆಂದ ನೀರಿನ ಕಡೆ ನೋಡಲೇ ಇಲ್ಲ. ರೈತನನ್ನು ತಳ್ಳಿಕೊಂಡು ಹೋಗಿ ಹಲಗೆಯ ಮೇಲಿನ ಬೆಲ್ಲಕ್ಕೆ ಬಾಯಿ ಹಾಕಿತು. ಬೆಲ್ಲ ಇನ್ನೂ ಬಿಸಿ. ನಾಲಿಗೆ ಸುಟ್ಟಿತು. ಸುಡುತ್ತಿದ್ದರೂ ತಿಂದಿತು. ಎಳೆದು ಕಟ್ಟಲು ಆಳುಗಳು ಬರಬೇಕಾಯಿತು.

ಇಲ್ಲಿ ಸ್ವಾಮಿಗಳು ಉಸಿರು ತೆಗೆದುಕೊಂಡರು. ಗುರುಮಲ್ಲ ತಡೆಯಲಾರದೆ ಹೇಳಿದ: "ಕುಕ್ಕೆ ಬಿಚ್ಚಿದ್ದೇ ತಪ್ಪು ಬುದ್ಧಿ. ಗಟ್ಟಿಯಾಗಿ ಕಟ್ಟಬೇಕಿತ್ತು."

"ರೈತನೂ ಅದನ್ನೇ ಅಂದ," ಎಂದು ಸ್ವಾಮಿಗಳು ಮುಂದುವರಿಸಿದರು.

ರುಚಿ ಕಂಡ ಬಾಯಿ ಹಗ್ಗಕ್ಕೆ ಬಗ್ಗುವುದಿಲ್ಲ ಎಂದು ಅವನು ಬೆತ್ತದ ಕುಕ್ಕೆ ತಂದ. ಮಾಡಿದ ತಪ್ಪಿಗೆ ದಂಡವೂ ಆಗಬೇಕಲ್ಲ. ರಾತ್ರಿಯ ಆ ಒಂದು ಹಿಡಿ ಹುಲ್ಲನ್ನೂ ನಿಲ್ಲಿಸಿದ. ರೈತ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಇದು ಬೇಗ ಮುಗಿಯುವ ಕತೆ. ಎತ್ತನ್ನು ಉಳಿಸಿಕೊಳ್ಳಬೇಕೆಂದೇ ಅವನು ಹಾಗೆ ಮಾಡುತ್ತಿದ್ದ. ದಿನವೂ ಗೊರಸು ತೊಳೆದು ಎಣ್ಣೆ ಸವರುತ್ತಿದ್ದ. ಬೈಯುತ್ತಲೇ ಬೆನ್ನು ತಿಕ್ಕುತ್ತಿದ್ದ.

ಕೆಂದ ಬೆತ್ತದ ಕುಕ್ಕೆಯನ್ನು ಹಟ್ಟಿಯ ಕಂಬಕ್ಕೆ ಉಜ್ಜಿ ಉಜ್ಜಿ ಹರಿದುಹಾಕಿತು. ಈ ಸಲ ಬೆಲ್ಲದವರೆಗೂ ಹೋಗಲಿಲ್ಲ. ಕೊಪ್ಪರಿಗೆಯಿಂದ ತೆಗೆದು ತಿಪ್ಪೆಗೆ ಸುರಿದಿದ್ದ ಮಡ್ಡಿ ಸಿಕ್ಕಿತು. ಅದರಲ್ಲಿ ಇರುವೆ ಇತ್ತು, ಬೂದಿ ಇತ್ತು. ಎಲ್ಲವನ್ನೂ ನೆಕ್ಕಿತು. ಆಗ ಅದಕ್ಕೆ ರುಚಿಯೂ ಬೇಕಾಗಿರಲಿಲ್ಲ. ಹೊಟ್ಟೆ ಉಬ್ಬಿಕೊಂಡು ನೆಲಕ್ಕೆ ಬಿತ್ತು. ವೈದ್ಯ ಓಡಿ ಬಂದು ಬಿದಿರಿನ ಗೊಟ್ಟದಲ್ಲಿ ಎಣ್ಣೆ ಕುಡಿಸಿ, ಹೊಟ್ಟೆ ನೀವಿ, ಹೇಗೋ ಉಳಿಸಿದ.

ಎತ್ತು ಚೇತರಿಸಿಕೊಂಡ ಮೇಲೆ ರೈತ ಪೇಟೆಗೆ ಹೋಗಿ ಚರ್ಮದ ಕುಕ್ಕೆ ಹೊಲಿಸಿ ತಂದ. ಅದಕ್ಕೆ ಕಬ್ಬಿಣದ ಬಳೆ ಇತ್ತು. ಇದನ್ನು ಯಾವ ಎತ್ತೂ ಹರಿಯಲಾರದು ಎಂದು ಹೊಲಿದವನೂ ಹೇಳಿದ್ದ. ಅದು ನಿಜವೇ ಆಯಿತು. ಕೆಂದ ಆ ಕುಕ್ಕೆಯನ್ನು ಹರಿಯಲಿಲ್ಲ, ಹರಿಯಲು ನೋಡಲೂ ಇಲ್ಲ. ತಲೆ ಎತ್ತದೆ ಸುತ್ತು ಹಾಕಿತು. ಕೊಪ್ಪರಿಗೆಯ ಕಡೆ ತಿರುಗುವುದನ್ನೂ ಬಿಟ್ಟಿತು. ಅಂತೂ ದಾರಿಗೆ ಬಂತು ಎಂದು ರೈತ ನಿಟ್ಟುಸಿರು ಬಿಟ್ಟ. ಒಂದು ಬೆಳಿಗ್ಗೆ ಅದು ನೊಗದ ಕೆಳಗೇ ಮಂಡಿಯೂರಿತು. ಆಮೇಲೆ ಪಕ್ಕಕ್ಕೆ ವಾಲಿತು. ಹೊಡೆದರೂ ಏಳಲಿಲ್ಲ, ಬೇಡಿಕೊಂಡರೂ ಏಳಲಿಲ್ಲ.

ಗಾಣ ನಿಂತಿತು. ಆಳುಗಳೆಲ್ಲ ಸೇರಿ ಅದನ್ನು ಹೇಗೋ ಹಟ್ಟಿಗೆ ಎಳೆದು ತಂದರು. ರೈತ ಅದರ ಹಣೆಯ ಮೇಲೆ ಕೈ ಇಟ್ಟು ನೆಲದಲ್ಲಿ ಕುಳಿತ. ಅವನಿಗೆ ಬೈಯಲೂ ಶಕ್ತಿ ಇರಲಿಲ್ಲ. "ನಿನಗೆ ಯಾಕಪ್ಪ ಇಷ್ಟು ಆಸೆ? ನಾನು ಇನ್ನೇನು ಮಾಡ್ಲಿ?" ಎಂದು ಅತ್ತುಬಿಟ್ಟ.

ಅವನ ಹೆಂಡತಿ ಸಗಣಿ ಬಾಚಲು ಬಂದಿದ್ದಳು. ಗಂಡ ಅಳುವುದನ್ನು ನೋಡಿ ಪೊರಕೆ ಗೋಡೆಗೆ ಒರಗಿಸಿದಳು. ಅವಳೂ ಹೇಳಿ ಹೇಳಿ ಸೋತಿದ್ದವಳೇ.

"ಅದರ ಬಾಯನ್ನ ಬೇಕಾದಷ್ಟು ನೋಡಿದ್ರಿ," ಎಂದಳು. "ಗೋದಲಿ ಕಡೆ ಒಂದ್ಸಲ ನೋಡಿ."

ರೈತ ತಲೆ ಎತ್ತಿದ. ಗೋದಲಿಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಜೇಡ ಬಲೆ ಕಟ್ಟಿತ್ತು. ಬಲೆಯ ಮೇಲೆ ಧೂಳು ಕೂತಿತ್ತು.

ಅವನು ಎದ್ದ. ಬಲೆಯನ್ನು ಕೈಯಿಂದಲೇ ಒರೆಸಿದ. ಬಣವೆಯಿಂದ ಒಂದು ಹೊರೆ ರಾಗಿ ಹುಲ್ಲು ಹಿರಿದು ತಂದು ಹಾಕಿದ. ಕುಕ್ಕೆ ಬಿಚ್ಚಿದ. ಕೆಂದನಿಗೆ ಏಳಲಾಗಲಿಲ್ಲ. ಹುಲ್ಲನ್ನು ಅದರ ಮೂತಿಯ ಬಳಿಗೇ ಹಿಡಿದ. ಅದು ಒಂದು ಎಸಳು ಎಳೆದುಕೊಂಡಿತು, ಆಮೇಲೆ ಇನ್ನೊಂದು. ಆ ದಿನವೆಲ್ಲ ಹಟ್ಟಿಯಲ್ಲಿ ಹುಲ್ಲು ಅಗಿಯುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಆಲೆಮನೆಯ ಕಡೆಯಿಂದ ಗಾಳಿ ಬೀಸಿ ಬೆಲ್ಲದ ವಾಸನೆ ಬಂತು. ಕೆಂದನ ಕಿವಿ ಅಲ್ಲಾಡಿತು. ಬಾಯಿ ಹುಲ್ಲನ್ನು ಬಿಡಲಿಲ್ಲ.

ಕೆಂದ ಎದ್ದು ನಿಲ್ಲುವವರೆಗೆ ಗಾಣ ನಿಂತೇ ಇತ್ತು. ಕಡಿದ ಕಬ್ಬಿನಲ್ಲಿ ಒಂದಿಷ್ಟು ಹುಳಿಯಾಯಿತು. ಆ ನಷ್ಟ ಆಗಿಯೇ ಆಯಿತು. ಆಮೇಲೆ ರೈತ ನೊಗ ಹೂಡುವ ಮೊದಲು ಹುಲ್ಲು ಹಾಕಿದ, ನಡುಹಗಲಿಗೆ ಬಿಚ್ಚಿ ಮತ್ತೆ ಹಾಕಿದ. ಗಾಣದಲ್ಲಿರುವಾಗ ಆ ಹಳೆಯ ನಾರಿನ ಕುಕ್ಕೆಯನ್ನೇ ಕಟ್ಟಿದ. ಸಂಜೆ ಹುಲ್ಲು ತಿಂದು ಮುಗಿದ ಮೇಲೆ ಅಂಗೈಯಲ್ಲಿ ಒಂದು ಚೂರು ಬೆಲ್ಲ ಕೊಟ್ಟ. ಕೆಂದ ನೆಕ್ಕಿ ಸುಮ್ಮನಾಗುತ್ತಿತ್ತು. ಮೈ ನಿಧಾನವಾಗಿ ಇಳಿಯಿತು. ನಿಧಾನ ಎಂದರೆ ನೋಡುವವರಿಗೆ ಬೇಸರ ಬರುವಷ್ಟು ನಿಧಾನ. ಸುಗ್ಗಿ ಮುಗಿಯುವ ಹೊತ್ತಿಗೆ ಗೊರಸಿನ ಬಾವು ಬತ್ತಿತ್ತು.

ಸ್ವಾಮಿಗಳು ಕಣ್ಣು ತೆರೆದರು. ಒಳಗೆ ಮಜ್ಜಿಗೆ ಬಡಿಸುತ್ತಿದ್ದರು. ಗುರುಮಲ್ಲ ಹೆಗಲ ಮೇಲಿನ ಟವಲಿನ ಅಂಚನ್ನು ತಿರುಚುತ್ತಾ ಕುಳಿತಿದ್ದ.

"ಆಮೇಲೆ ಅದು ಬೆಲ್ಲದ ಕಡೆ ನೋಡಲೇ ಇಲ್ವಾ ಬುದ್ಧಿ?"

"ಸಾಯೋವರೆಗೂ ನೋಡ್ತು. ನೋಡ್ತಾ ನೋಡ್ತಾ ಸುತ್ತು ಹಾಕ್ತು."

ಗುರುಮಲ್ಲನಿಗೆ ಅದರಿಂದ ಸಮಾಧಾನವಾಗಲಿಲ್ಲ. ಅವನು ಬಂದದ್ದು ಎತ್ತಿನ ಕತೆ ಕೇಳಲು ಅಲ್ಲ. ಕಂಬ ಹಿಡಿದು ಅರ್ಧ ಎದ್ದು, ಕೈ ಜೋಡಿಸಿ, ಬಂದಾಗ ಕೇಳಿದ್ದನ್ನೇ ಮತ್ತೆ ಕೇಳಿದ.

"ಕತೆ ಇರಲಿ ಬುದ್ಧಿ. ನನಗೊಂದು ಆಣೆ ಹಾಕಿಸಿ. ಇವತ್ತೇ ಹಾಕಿಸಿ."

ಸ್ವಾಮಿಗಳು ಅವನ ಮುಖವನ್ನು ನೋಡಿದರು. ತುಟಿ ಒಣಗಿತ್ತು.

"ಕುಕ್ಕೆ ಆಮೇಲೆ ಹೊಲಿಸೋಣ ಗುರುಮಲ್ಲ, ಬೆಳಗಿಂದ ನಿನ್ನ ಗೋದಲಿಗೆ ಏನು ಬಿದ್ದಿದೆ, ಹೇಳು."