ಹಲ್ಲಿನ ಬುಡಕ್ಕೆ ಹೆಪ್ಪು ಹಾಕಿದ ಅಜ್ಜಿ

ಲೋಕ ಆಗಿನ್ನೂ ಹೊಸದು. ಎಷ್ಟು ಹೊಸದು ಅಂದರೆ, ಬೀಸುವ ಕಲ್ಲು ಕೂಡ ಹುಟ್ಟಿರಲಿಲ್ಲ. ಗಾಳಿಗೆ, ನೀರಿಗೆ, ಮೊಸರಿಗೆ, ಎಲ್ಲಕ್ಕೂ ಮಾತು ಬರುತ್ತಿತ್ತು.

ಆಗ ಹಳ್ಳದ ದಡದಲ್ಲಿ ಕೆಂಚಜ್ಜಿ ಅಂತ ಒಬ್ಬಳಿದ್ದಳು. ಮಾತು ಅಂದರೆ ಮಾತು! ಎಮ್ಮೆ ಜೊತೆ ಮಾತು, ಒಲೆ ಜೊತೆ ಮಾತು, ಯಾರೂ ಸಿಗದಿದ್ದರೆ ತನ್ನ ಜೊತೆಗೇ ಮಾತು. ಅವಳ ಮಡಿಲಲ್ಲಿ ತಾಯಿ ಇಲ್ಲದ ಮೊಮ್ಮಗಳು ಚೆನ್ನಿ. ಕೂಸಿಗೆ ಇನ್ನೂ ಹಲ್ಲು ಬಂದಿರಲಿಲ್ಲ, ಬರೀ ಹಾಲಿಗೆ ಹೊಟ್ಟೆಯೂ ತುಂಬುತ್ತಿರಲಿಲ್ಲ. ಅಜ್ಜಿ ಹುರಿದ ನವಣೆಯನ್ನು ನುಣ್ಣಗೆ ಅಗಿದು, ಬೆರಳ ತುದಿಯಲ್ಲಿ ತೆಗೆದು ತಿನ್ನಿಸುತ್ತಿದ್ದಳು. ಅಜ್ಜಿಗೆ ಹಲ್ಲಿದ್ದರೆ ಚೆನ್ನಿಗೆ ಊಟ.

ಒಂದು ಬೆಳಿಗ್ಗೆ ಅಗಿದ ನವಣೆಯಲ್ಲಿ ರಕ್ತ ಕಂಡಿತು. ವಸಡು ಊದಿತ್ತು. ಮುಂದಿನ ಹಲ್ಲು ಮುಟ್ಟಿದರೆ ಅಲ್ಲಾಡುತ್ತಿತ್ತು.

"ಅಯ್ಯೋ ನನ್ನ ಕರ್ಮವೇ! ಇವು ಉದುರಿಹೋದರೆ ನನ್ನ ಕೂಸಿನ ಗತಿಯೇನು?"

ಆಗಿದ್ದೇನೆಂದರೆ, ಕಣ್ಣಿಗೆ ಕಾಣದಷ್ಟು ಚಿಕ್ಕ ಲೋಳೆಯವರು ಅವಳ ಹಲ್ಲಿನ ಬುಡಕ್ಕೆ ಬಂದು, ಒಬ್ಬರ ಮೇಲೊಬ್ಬರು ಕೂತು, ತಲೆ ಮೇಲೆ ಲೋಳೆಯ ಚಾವಣಿ ಎಳೆದುಕೊಂಡು ಹಾಯಾಗಿದ್ದರು. ಎಂಥ ಭಂಡರು ನೋಡಿ!

ಅಜ್ಜಿ ಬೇವಿನ ಕಡ್ಡಿ ಹಿಡಿದು ಗಸಗಸ ಉಜ್ಜಿದಳು. ಚಾವಣಿ ಹರಿಯಿತು. ಮಾರನೇ ದಿನ ನೋಡಿದರೆ ಮತ್ತೆ ಅಲ್ಲೇ. ಮತ್ತೆ ಉಜ್ಜಿದಳು, ಮತ್ತೆ ಬಂದರು.

ಅಳುಮೋರೆ ಹಾಕಿಕೊಂಡು ಹಳ್ಳದ ಹತ್ತಿರ ಹೋಗಿ ಎಲ್ಲ ಹೇಳಿಕೊಂಡಳು.

"ನನ್ನ ಕಲ್ಲಿನ ಪಾಚಿಯೂ ಹೀಗೇ ಕಣಜ್ಜಿ," ಅಂದಿತು ಹಳ್ಳ. "ಖಾಲಿ ಜಾಗ ಕಂಡರೆ ಯಾರು ಬಿಡ್ತಾರೆ? ಆ ಲೋಳೆಯವರು ಬರೋದರೊಳಗೆ ಒಳ್ಳೆಯವರನ್ನ ಕೂರಿಸಿಬಿಡು."

"ಒಳ್ಳೆಯವರನ್ನ ಎಲ್ಲಿಂದ ತರಲಿ?"

"ನಿನ್ನ ಸೋರೆಬುರುಡೆಯಲ್ಲೇ ಇದ್ದಾರಲ್ಲ, ಹಾಲನ್ನ ಮೊಸರು ಮಾಡೋರು!"

ಅಜ್ಜಿ ಮನೆಗೆ ಓಡಿ, ಬುರುಡೆ ಎತ್ತಿ ಮೊಸರನ್ನೆಲ್ಲ ಗಟಗಟ ಕುಡಿದಳು. ಮೊಸರಿನವರು ಲೋಳೆಯ ಮೇಲೆ ಕಾಲಿಟ್ಟಿದ್ದೇ ತಡ, ಸರ್ರನೆ ಜಾರಿದರು.

"ಅಜ್ಜೀ, ಕೂರೋಕೆ ಜಾಗ ಎಲ್ಲಿದೆ? ಮೊದಲು ಉಜ್ಜು, ಆಮೇಲೆ ನಮ್ಮನ್ನ ಕರಿ," ಅಂತ ಹೊಟ್ಟೆಗೆ ಇಳಿಯುತ್ತ ಇಳಿಯುತ್ತ ಕೂಗಿದರು. "ಇನ್ನೊಂದು ಮಾತು. ಹಾಲಿಗೆ ಹೆಪ್ಪು ಹಾಕಿ ಬುರುಡೆ ಅಲ್ಲಾಡಿಸ್ತೀಯಾ?"

"ಛೇ, ಅಲ್ಲಾಡಿಸಿದರೆ ಮೊಸರು ಆಗುತ್ತಾ?"

"ಹಾಗಾದರೆ ಬಾಯಿ ಮುಚ್ಕೊಂಡು ಕೂತ್ಕೋ!"

ಕೆಂಚಜ್ಜಿ ಬಾಯಿ ಮುಚ್ಚುವುದು! ಆದರೂ ಮಾರನೇ ದಿನ ಮೆಲ್ಲಗೆ ಉಜ್ಜಿದಳು, ಬೆರಳಲ್ಲಿ ಮೊಸರು ತೆಗೆದು ವಸಡಿಗೆ ಸವರಿದಳು, ತುಟಿ ಬಿಗಿದು ಕೂತಳು. ಎಮ್ಮೆ ಕರೆಯಿತು, ಓಗೊಡಲಿಲ್ಲ. ಗಾಳಿ ಬಂದು, "ಗುಡ್ಡದ ಆಚೆ ಏನಾಯ್ತು ಗೊತ್ತಾ ಅಜ್ಜೀ?" ಅಂತ ಕಿವಿಯಲ್ಲಿ ಉಸುರಿತು. ಪಾಪ, ಅಜ್ಜಿಗೆ ಜೀವ ಹೋದಂತಾಯಿತು. ತುಟಿ ಬಿಚ್ಚಲಿಲ್ಲ.

ಅಷ್ಟರಲ್ಲಿ ಚೆನ್ನಿ ಹಸಿದು ಅತ್ತಳು. ಜೋಗುಳ ಗಂಟಲವರೆಗೂ ಬಂತು. ಅದನ್ನು ನುಂಗಿಕೊಂಡು, ಕೂಸಿನ ಕೆನ್ನೆಗೆ ಕೆನ್ನೆ ಒತ್ತಿ, ತೂಗುತ್ತ ಕೂತಳು. ಕಣ್ಣೀರು ಮಾತ್ರ ತಡೆಯಲಾಗಲಿಲ್ಲ. ಕೂಸು ಅವಳ ಬೆರಳಲ್ಲಿದ್ದ ಮೊಸರು ಚೀಪುತ್ತ ಸುಮ್ಮನಾಯಿತು.

ಹೀಗೇ ದಿನಾ ಉಜ್ಜಿದಳು, ದಿನಾ ಸವರಿದಳು, ದಿನಾ ಬಾಯಿ ಮುಚ್ಚಿ ಕೂತಳು. ಅಲ್ಲಿಯವರೆಗೆ ಕೂಸು ಹಾಲು ಮೊಸರಲ್ಲೇ ದಿನ ತಳ್ಳಿತು. ಲೋಳೆಯವರು ಬಂದು, "ಜಾಗ ಇದೆಯಾ?" ಅಂತ ಕೇಳಿದರೆ, ಮೊಸರಿನವರು ಒತ್ತಿಕೊಂಡು ಕೂತು, "ಇಲ್ಲಪ್ಪ, ಮುಂದೆ ಹೋಗಿ!" ಅನ್ನುತ್ತಿದ್ದರು.

ಒಂದು ತಿಂಗಳಾಯಿತು. ಊತ ಇಳಿಯಿತು, ಹಲ್ಲು ಗಟ್ಟಿ ನಿಂತಿತು. ಅಜ್ಜಿ ಅಂಜುತ್ತಲೇ ಒಂದು ಹಿಡಿ ನವಣೆ ಅಗಿದಳು. ಬೆರಳ ತುದಿ ನೋಡಿದಳು. ರಕ್ತ ಇಲ್ಲ! ಚೆನ್ನಿಯ ಬಾಯಿಗೆ ಇಟ್ಟಳು. ಕೂಸು ಚಪ್ಪರಿಸಿ ಚಪ್ಪರಿಸಿ ತಿಂದಿತು.

ಆಗ ಮೊಸರಿನವರು ಹೇಳಿದರು: "ನಾವು ಒಂದೇ ಕಡೆ ನೆಲೆ ನಿಲ್ಲೋರಲ್ಲ ಅಜ್ಜೀ, ಬಂದು ಹೋಗೋರು. ದಿನಾ ಕರೀಬೇಕು."

"ಕರೀತೀನಿ ಕಣ್ರಪ್ಪ. ನಾನು ಹೋದ ಮೇಲೆ ನನ್ನ ಚೆನ್ನಿ ಕರೀತಾಳೆ, ಅವಳ ಮಕ್ಕಳು ಕರೀತಾರೆ," ಅಂದಳು ಅಜ್ಜಿ.

ಬೆಳಿಗ್ಗೆ ಎದ್ದು ಹಲ್ಲಿನ ಮೇಲೆ ನಾಲಿಗೆ ಆಡಿಸಿದರೆ ಜಾರುಜಾರಾಗಿ ಸಿಗುತ್ತಲ್ಲ, ಅದು ರಾತ್ರಿಯೆಲ್ಲ ಜಾಗ ಹುಡುಕಿದ ಲೋಳೆಯವರ ಗುರುತು. ಅದಕ್ಕೇ ಇವತ್ತಿಗೂ ನಾವು ಎದ್ದ ಕೂಡಲೇ ಹಲ್ಲು ಉಜ್ಜಿ, ಊಟದ ಕೊನೆಗೆ ಮೊಸರನ್ನ ಕಲಸಿ ಉಂಡು, ಆ ಒಳ್ಳೆಯವರನ್ನು ಬಾಯಿಗೆ ಕರೆಯುತ್ತೇವೆ.