ಓಬಕ್ಕನ ಮರ್ಯಾದಸ್ಥ ಶೇಂಗಾ

ಒಂದಾನೊಂದು ಊರಿನಲ್ಲಿ, ಇನ್ನೂ ಪೂರ್ತಿ ಹೆಸರಿದ್ದ ಊರಿನಲ್ಲಿ, ಓಬಕ್ಕ ಅಂತ ಒಬ್ಬ ಹೆಂಗಸಿದ್ದಳು. ಊರಿನ ಹೆಸರು ಬೆಳವಲದಿನ್ನೆ. ಓಬಕ್ಕ ಶೇಂಗಾ ಬೆಳೆಯುತ್ತಿದ್ದಳು. ಆ ನಾಡಿನ ರಾಜ ಗಡಿಬಿಡಿರಾಯ ಶೇಂಗಾ ಬಿಟ್ಟು ಬೇರೇನೂ ತಿನ್ನುತ್ತಿರಲಿಲ್ಲ.

ಒಂದು ದಿನ ರಾಜ ಹೊಲಕ್ಕೆ ಬಂದ. "ಇಷ್ಟಿಷ್ಟೇ ನೀರು ಕೊಡ್ತೀಯಾ? ಜಿಪುಣಿ!" ಅಂದ. ಬಾವಿಯನ್ನೇ ಎತ್ತಿಸಿ ಹೊಲದ ಮೇಲೆ ಬೋರಲು ಹಾಕಿಸಿದ. ಇದ್ದಬದ್ದ ಗೊಬ್ಬರವನ್ನೆಲ್ಲ ಒಂದೇ ಸಲಕ್ಕೆ ಸುರಿಸಿದ.

ಗಿಡ ಬೆಳೆದವು. ಆಳುದ್ದ ಬೆಳೆದವು, ತೆಂಗಿನುದ್ದ ಬೆಳೆದವು. ಎಲೆ ಮೂಗಿಗೆ ತಗುಲಿ ಮೋಡಕ್ಕೆ ಸೀನು ಬಂತು. ಬುಡ ಅಗೆದು ನೋಡಿದರೆ ಒಂದು ಕಾಯಿಯೂ ಇಲ್ಲ.

"ಶೇಂಗಾ ಇಲ್ಲವಾ? ಹಾಗಾದರೆ ಊರಿನ ಹೆಸರು ತಿಂತೀನಿ" ಅಂದ ರಾಜ. ಹುಣ್ಣಿಮೆಗೊಂದು ಅಕ್ಷರ. ಮೊದಲು 'ನ್ನೆ' ತಿಂದ. ಊರು ಬೆಳವಲದಿ ಆಯಿತು. ಬೆಳವಲ ಆಯಿತು. ಬೆಳವ ಆಯಿತು. ಹೆಸರು ಸವೆದ ಹಾಗೆ ಮನೆಗಳೂ ಮಾಸುತ್ತ ಬಂದವು.

ಮೊದಲ ಅಕ್ಷರ ಹೋದ ದಿನವೇ ಓಬಕ್ಕ ಗಿಡದ ಹತ್ತಿರ ಕೂತು ಕೇಳಿದ್ದಳು. "ಯಾಕ್ರೋ ಮಕ್ಕಳಾ, ಕಾಯಿ ಕಟ್ಟಲಿಲ್ಲ?"

"ನಾವು ಮರ್ಯಾದಸ್ಥರವ್ವಾ. ಉಪಕಾರ ಅನ್ನದೆ ಕಾಯಿ ಕಟ್ಟೋರಲ್ಲ. 'ಉಪ' ಅನ್ನೋದರೊಳಗೆ ಬಾಯಿಗೆ ನೀರು ನುಗ್ಗಿತು. 'ಕಾರ' ಇನ್ನೂ ಗಂಟಲಲ್ಲೇ ಇದೆ. ಗೊಬ್ಬರವೋ, ತಲೆಗೇರಿ ಬರೀ ಎಲೆಯಾಯ್ತು."

"ಮತ್ತೆ ಹೇಗೆ ಕೊಡಲಿ?"

"ಒಂದು ಹನಿ ಕೊಡು. ಉಪಕಾರ ಅಂತೀವಿ. ಆಮೇಲೆ ಇನ್ನೊಂದು ಹನಿ ಕೊಡು."

ಓಬಕ್ಕ ಊರವರನ್ನು ಕರೆದು ಬಾವಿಯನ್ನು ನೆಟ್ಟಗೆ ಮಾಡಿಸಿದಳು. ತಳದಲ್ಲಿ ಸ್ವಲ್ಪ ನೀರಿತ್ತು. "ಹನಿಗೊಂದು ಉಪಕಾರ ಬರೋದಾದ್ರೆ ಇರೋದನ್ನೆಲ್ಲ ಕೊಡ್ತೀನಿ" ಅಂತು ಬಾವಿ.

ಓಬಕ್ಕ ಪೈಪು ತಂದಳು. "ನನಗೆ ತೂತು ಕೊರೀತೀಯಾ?" ಅಂತ ಪೈಪು ಅತ್ತಿತು.

"ತೂತಲ್ಲಪ್ಪ, ಬಾಯಿ. ಒಂದೊಂದು ಗಿಡದ ಹತ್ತಿರ ನಿನಗೊಂದೊಂದು ಬಾಯಿ."

ಪೈಪಿಗೆ ಎಷ್ಟು ಖುಷಿಯಾಯಿತೆಂದರೆ, ತಾನಾಗೇ ಸಾಲು ಹಿಡಿದು ಮಲಗಿತು.

ಓಬಕ್ಕ ಬರೀ ಎಲೆಯಾದ ಗಿಡ ತೆಗೆದು ಹೊಸ ಬೀಜ ಬಿತ್ತಿದಳು. ಹನಿ ಬಿತ್ತು. "ಉಪಕಾರ." ಹನಿ ಬಿತ್ತು. "ಉಪಕಾರ." ಗೊಬ್ಬರವನ್ನು ಆಗಾಗ ಚಿಟಿಕೆ ಚಿಟಿಕೆ ನೀರಲ್ಲೇ ಕರಗಿಸಿ ಬಿಟ್ಟಳು. ಹಳದಿ ಹೂ ಬಂದು, ಕಾಯಿ ಕಟ್ಟುವ ಸೂಜಿಯಂಥ ಎಳೆ ಮಣ್ಣಿಗಿಳಿಯುವಾಗ, ಕಾಯಿ ಗಟ್ಟಿಯಾಗಲೆಂದು ಬುಡಕ್ಕೆ ಜಿಪ್ಸಂ ಪುಡಿ ಹಾಕಿದಳು. ಸಾಲಿನ ನಡುವಿನ ಕಳೆಗೆ ನೀರೇ ಸಿಗಲಿಲ್ಲ. ಅದು ಸಿಟ್ಟಾಗಿ ಬೇರು ಎತ್ತಿಕೊಂಡು ಅರಮನೆಗೆ ದೂರು ಕೊಡಲು ಹೋಯಿತು.

ದೂರು ಕೇಳಿದ ರಾಜ ಓಡಿಬಂದ. ಅಷ್ಟರಲ್ಲಿ ಊರಿಗೆ ಉಳಿದಿದ್ದು 'ಬೆ' ಒಂದೇ. ಯಾವೂರು ಅಂದರೆ ಜನ "ಬೆ" ಅನ್ನುತ್ತಿದ್ದರು. ಹಾದಿಯ ಮೇಕೆಗಳೆಲ್ಲ "ನಮ್ಮೂರೂ ಅದೇ" ಅಂತ ಮನೆಯೊಳಗೆ ನುಗ್ಗುತ್ತಿದ್ದವು.

ರಾಜ 'ಬೆ' ತಿನ್ನಲು ಬಾಯಿ ತೆರೆದ. ಓಬಕ್ಕ ಒಂದು ಗಿಡ ಕಿತ್ತಳು. ಗೊಂಚಲು ಗೊಂಚಲು ಕಾಯಿ! ರಾಜ ಬುಟ್ಟಿಗಟ್ಟಲೆ ಬಾಚಲು ಹೋದ. ಓಬಕ್ಕ ಅವನ ಕೈಗೆ ಪಟ್ಟನೆ ಹೊಡೆದಳು.

"ಒಂದೊಂದೇ!"

ರಾಜ ಒಂದು ಸುಲಿದು ತಿಂದ. ಜನ್ಮದಲ್ಲೇ ಮೊದಲ ಸಲ ನಿಧಾನವಾಗಿ ಅಗಿದ. ಕಣ್ಣು ತೇವವಾಯಿತು. "ಉಪಕಾರ ಆಯ್ತು ತಾಯೀ" ಅಂದ. ಅನ್ನುತ್ತಲೇ ಬಾಯಿಂದ 'ಳ' ಉದುರಿತು. ಇನ್ನೊಂದು ತಿಂದ, ಇನ್ನೊಂದು ಉಪಕಾರ ಅಂದ, 'ವ' ಉದುರಿತು. ಹಾಗೇ ಊರು ಪೂರ್ತಿಯಾಯಿತು. ಮೇಕೆಗಳು ನಾಚಿಕೊಂಡು ಹೊರಗೆ ಹೋದವು.

ಎಲ್ಲರೂ ಹೋದ ಮೇಲೆ ಓಬಕ್ಕ ಬಾವಿಯೊಳಗೆ ಬಗ್ಗಿ, "ನನ್ನದೂ ಉಪಕಾರವಪ್ಪಾ" ಅಂದಳು. ಬಾವಿಯ ನೀರು ಒಂದು ಗೇಣು ಮೇಲೆ ಬಂತು.

ಕೇಳಿದ ಕಿವಿಗೆ ಒಂದು ಹಿಡಿ ಶೇಂಗಾ, ಹೇಳಿದ ಬಾಯಿಗೆ ಒಂದು ಚೂರು ಬೆಲ್ಲ. ನಂಬದವರಿಗೆ ಬರೀ ಸಿಪ್ಪೆ.