ಹೇಂಟೆಗೆ ಬಂದ ಐಸ್ ಪೆಟ್ಟಿಗೆ

ಕಣಜದ ಮೇಸ್ತ್ರಿಯಾಗಿದ್ದ ಹುಂಜ, ಕಾಳಿನ ಹುಳ ಹೆಕ್ಕುವ ಹೇಂಟೆಯನ್ನು ಕರೆದು ಐಸ್ ಪೆಟ್ಟಿಗೆ ತೋರಿಸಿತು. "ನಿನ್ನ ಮೊಟ್ಟೆಗಳನ್ನು ಇದರಲ್ಲಿಡು. ಕೆಲಸ ಮುಗಿದ ಮೇಲೆ ನಿಧಾನವಾಗಿ ಕಾವು ಕೂರುವಿಯಂತೆ. ನಿನ್ನ ಒಳ್ಳೆಯದಕ್ಕೇ ತರಿಸಿದ್ದೇನೆ."

"ಕೆಲಸ ಯಾವಾಗ ಮುಗಿಯುತ್ತದೆ?"

"ಕಣಜ ಇರುವ ತನಕ ಹುಳ ಇದ್ದೇ ಇರುತ್ತದೆ."

"ಕಾವಿಗೆ ಇಪ್ಪತ್ತೊಂದು ದಿನ ಸಾಕು. ಈಗಲೇ ರಜೆ ಕೊಡಿ."

"ಅಷ್ಟು ದಿನವೇ? ಕಾಳು ಹಾಳಾಗುತ್ತದೆ."

"ನನ್ನ ಮೊಟ್ಟೆ ಎಷ್ಟು ವರ್ಷ ಬೇಕಾದರೂ ಕಾಯಬೇಕು, ನಿಮ್ಮ ಕಾಳು ಮೂರು ವಾರ ಕಾಯುವುದಿಲ್ಲ" ಎಂದ ಹೇಂಟೆ, ಮೊಟ್ಟೆಗಳನ್ನು ಹುಂಜ ಕೂರುತ್ತಿದ್ದ ಮೆತ್ತೆಗೆ ಉರುಳಿಸಿ, ರೆಕ್ಕೆ ಹರಡಿ ಕೂತುಬಿಟ್ಟಿತು. ಎಬ್ಬಿಸಲು ಬಂದ ಹುಂಜದ ಜುಟ್ಟಿಗೆ ರಕ್ತ ಬರುವಂತೆ ಕುಕ್ಕಿತು.

"ನಾನೆಲ್ಲಿ ಕೂರಲಿ?" ಎಂದಿತು ಹುಂಜ.

"ಆ ಪೆಟ್ಟಿಗೆ ಖಾಲಿಯೇ ಇದೆ."